ಮಂಪರಿನ ಮದ್ದು, ಕ್ಯಾನ್ಸರ್ ಮದ್ದು: ಇಲಿಗಳು ಹೇಳುವುದೇನು?

ಶಿವಾಜಿನಗರದ ಬೌರಿಂಗ್ ಆಸ್ಪತ್ರೆ 19ನೇ ಶತಮಾನದಿಂದ ದಂಡು ಪ್ರದೇಶದ ಜನರಿಗೆ ಆಸರೆ. ಅಲ್ಲಾಗಲಿ, ಹಲಸೂರು, ಇಂದಿರಾನಗರದ ನರ್ಸಿಂಗ್ ಹೋಂಗಳಲ್ಲಾಗಲಿ, ಆಪರೇಷನ್ ಥಿಯೇಟರಿನ ಹೊರಗೆ ಕುಳಿತ ತಂದೆತಾಯಿಯರ ಪ್ರಶ್ನೆ ಒಂದೇ: ‘ಮಗುವಿಗೆ ಎಚ್ಚರ ಯಾವಾಗ ಬರುತ್ತದೆ?’ ಮಂಪರು ತರಿಸಿದ ಮದ್ದು ಮೈಯೊಳಗಿನ ಜೀವಕೋಶಗಳಿಗೆ ಏನು ಮಾಡಿತು ಎಂದು ಕೇಳುವವರು ವಿರಳ. ವಿಜ್ಞಾನಿಗಳು ಅದನ್ನೂ ಕೇಳಿದ್ದಾರೆ. ಉತ್ತರ ಹುಡುಕಲು ನೆರವಾಗಿರುವುದು ಪ್ರಯೋಗಶಾಲೆಯ ಬಿಳಿ ಇಲಿ.

ಹಾನಿಯೇ ಚಿಕಿತ್ಸೆ

ಕ್ಯಾನ್ಸರ್ ಮದ್ದುಗಳಲ್ಲಿ ಹಲವಕ್ಕೆ ಡಿಎನ್‌ಎಗೆ ಹಾನಿ ಮಾಡುವುದೇ ಮುಖ್ಯ ಕೆಲಸ. ಎಡೆಬಿಡದೆ ಇಬ್ಭಾಗವಾಗುವ ಕ್ಯಾನ್ಸರ್ ಕೋಶವನ್ನು ತಡೆಯಬೇಕಾದರೆ ಅದರ ಡಿಎನ್‌ಎ ನಕಲಾಗದಂತೆ ನೋಡಿಕೊಳ್ಳಬೇಕು. ಸಿಸ್‌ಪ್ಲಾಟಿನ್ ಎಂಬ ಪ್ಲಾಟಿನಂ ಸಂಯುಕ್ತ ಡಿಎನ್‌ಎಗೆ ಅಂಟಿಕೊಂಡು ಅದರ ಎಳೆಗಳಿಗೆ ಗಂಟು ಹಾಕುತ್ತದೆ. ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ 1965ರಲ್ಲಿ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ ಹಾಯಿಸುತ್ತಿದ್ದಾಗ ಇಂಥ ಸಂಯುಕ್ತಗಳ ಗುಣ ಬೆಳಕಿಗೆ ಬಂತು. ಅವು ಇಲಿಗಳ ಗೆಡ್ಡೆಯನ್ನು ಕುಗ್ಗಿಸುತ್ತವೆಂದು 1969ರಲ್ಲಿ ತಿಳಿಯಿತು. ಮನೆಯಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟೀನ್‌ನ ದಾರಿಯೇ ಬೇರೆ. ಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎರಡೂ ಕಡೆಗೆ ಎಳೆದು ಹಂಚುವ ನೂಲುಗಳನ್ನೇ ಅದು ಕೆಡಿಸುತ್ತದೆ.

ಆದರೆ ಮದ್ದಿಗೆ ರೋಗದ ಕೋಶ, ಆರೋಗ್ಯದ ಕೋಶ ಎಂಬ ಭೇದ ಪೂರ್ತಿ ತಿಳಿಯದು. ಅಸ್ಥಿಮಜ್ಜೆ, ಕೂದಲಿನ ಬುಡ, ಬಾಯಿಯ ಒಳಪದರದ ಕೋಶಗಳೂ ಬೇಗ ಬೇಗ ಇಬ್ಭಾಗವಾಗುತ್ತವೆ. ಚಿಕಿತ್ಸೆಯ ವೇಳೆ ರಕ್ತಕಣ ಕುಸಿಯುವುದು, ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಇದರಿಂದಲೇ.

ಹಾನಿಯನ್ನು ಎಣಿಸುವುದು ಹೇಗೆ?

ಮಜ್ಜೆಯ ಕೋಶ ಇಬ್ಭಾಗವಾಗುವಾಗ ತುಂಡಾದ ವರ್ಣತಂತುವಿನ ಚೂರು ಹಿಂದೆ ಬಿದ್ದು ಪುಟ್ಟ ಚುಕ್ಕೆಯಾಗುತ್ತದೆ. ಇದೇ ಕಿರುಕೇಂದ್ರ. ಕೆಂಪು ರಕ್ತಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನು ಹೊರದೂಡುತ್ತದೆ. ಚೂರು ಮಾತ್ರ ಒಳಗೇ ಉಳಿದು ಸೂಕ್ಷ್ಮದರ್ಶಕದಲ್ಲಿ ಸಿಕ್ಕಿಬೀಳುತ್ತದೆ! 2014ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಒಂದೊಂದು ಇಲಿಯಿಂದಲೂ ಕನಿಷ್ಠ 4,000 ಎಳೆಯ ಕಣಗಳನ್ನು ಪರೀಕ್ಷಿಸಬೇಕು.

ಇನ್ನೊಂದು ವಿಧಾನದ ಹೆಸರು ‘ಕಾಮೆಟ್’, ಅಂದರೆ ಧೂಮಕೇತು. ಜೆಲ್‌ನಲ್ಲಿ ಹುದುಗಿಸಿದ ಕೋಶಕ್ಕೆ ವಿದ್ಯುತ್ ಹಾಯಿಸಿದಾಗ ತುಂಡಾದ ಡಿಎನ್‌ಎ ಹೊರಗೆ ಸರಿದು ಬಾಲ ಬಿಚ್ಚುತ್ತದೆ. ಹಾನಿ ಹೆಚ್ಚಿದಷ್ಟೂ ಬಾಲ ದೊಡ್ಡದು. 1984ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಈ ವಿಧಾನಕ್ಕೆ 1988ರಲ್ಲಿ ಇಂದಿನ ರೂಪ ಕೊಟ್ಟವರು ಭಾರತೀಯ ಮೂಲದ ವಿಜ್ಞಾನಿ ಎನ್.ಪಿ. ಸಿಂಗ್ ಮತ್ತು ಸಂಗಡಿಗರು.

ಮಣಿಪಾಲದ ತುಳಸಿ

ಇಂಥ ಎಣಿಕೆಗೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆಯಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇಲಿಗಳಿಗೆ ತುಳಸಿ ಎಲೆಯ ಸಾರ ಕೊಟ್ಟು, ಅನಂತರ ವಿಕಿರಣಕ್ಕೆ ಒಡ್ಡಿದರು. ಸಾರ ಪಡೆದ ಇಲಿಗಳ ಅಸ್ಥಿಮಜ್ಜೆಯಲ್ಲಿ ವರ್ಣತಂತುಗಳ ಹಾನಿ ಕಡಿಮೆಯಿತ್ತು. ವಿಕಿರಣವೂ ಕೀಮೋಥೆರಪಿಯಂತೆ ಡಿಎನ್‌ಎಯನ್ನೇ ಘಾಸಿಗೊಳಿಸುವುದರಿಂದ ಈ ಫಲಿತಾಂಶಕ್ಕೆ ಮಹತ್ವವಿದೆ. ಹಾಗೆಂದು ಚಿಕಿತ್ಸೆಯಲ್ಲಿರುವವರು ವೈದ್ಯರಿಗೆ ಹೇಳದೆ ಕಷಾಯ ಕುಡಿಯುವುದು ಸರಿಯಲ್ಲ. ಅದು ಇಲಿಗಳಿಗೆ ಅಳೆದು ಕೊಟ್ಟ ಸಾರದ ಫಲಿತಾಂಶ, ಮನೆಮದ್ದಿನದಲ್ಲ.

ಅರಿವಳಿಕೆಯ ಸರದಿ

ಅರಿವಳಿಕೆ ಮದ್ದುಗಳ ಕತೆ ಬೇರೆ. ಡಿಎನ್‌ಎ ಕೆಡಿಸುವುದು ಅವುಗಳ ಉದ್ದೇಶವಲ್ಲ. ಆದರೂ ನೈಟ್ರಸ್ ಆಕ್ಸೈಡ್ ದೇಹದ ಬಿ12 ಜೀವಸತ್ವವನ್ನು ನಿಷ್ಕ್ರಿಯಗೊಳಿಸಿ ಡಿಎನ್‌ಎ ತಯಾರಿಕೆಗೆ ಅಡ್ಡಿ ಮಾಡಬಲ್ಲದು. ಕ್ರೊಯೇಷಿಯಾದ ಸಂಶೋಧಕರು ಇಲಿಗಳಿಗೆ ದಿನಕ್ಕೆ 2 ಗಂಟೆಯಂತೆ 3 ದಿನ ಸೆವೊಫ್ಲುರೇನ್ ಉಸಿರಾಡಿಸಿ, ಡಿಎನ್‌ಎ ಹಾನಿ ಕಂಡುಬಂದಿತೆಂದು 2010ರಲ್ಲಿ ವರದಿ ಮಾಡಿದರು. ಗೆಡ್ಡೆ ತೆಗೆಸಿಕೊಂಡು ಕೀಮೋಥೆರಪಿಯನ್ನೂ ಪಡೆಯುವ ರೋಗಿಯ ದೇಹಕ್ಕೆ ಎರಡೂ ಬಗೆಯ ಮದ್ದು ಸೇರುತ್ತದೆ. ಆದ್ದರಿಂದ ಸಿಸ್‌ಪ್ಲಾಟಿನ್ ಜೊತೆಗೆ ಅರಿವಳಿಕೆಯನ್ನೂ ಕೊಟ್ಟು ನೋಡಿದ ಪ್ರಯೋಗಗಳೂ ನಡೆದಿವೆ.

ಇದರಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಪಾಠವೊಂದಿದೆ. ಕ್ಯಾನ್ಸರ್ ಮದ್ದಿನ ಪರೀಕ್ಷೆಗೆಂದು ಇಲಿಗೆ ಮಂಪರು ಬರಿಸಿದರೆ, ಕಂಡ ಹಾನಿ ಯಾವ ಮದ್ದಿನದು? ಅದಕ್ಕಾಗಿಯೇ ಬರೀ ಮಂಪರು ಪಡೆದ ಇಲಿಗಳ ಗುಂಪು, ಏನನ್ನೂ ಪಡೆಯದ ಗುಂಪು ಎರಡೂ ಇರಬೇಕು. ಹೋಲಿಕೆಯಿಲ್ಲದ ಅಂಕಿಗೆ ಅರ್ಥವಿಲ್ಲ.

ಹೆದರಬೇಕೇ?

ಬೇಡ. ಜೀವಕೋಶಕ್ಕೆ ಡಿಎನ್‌ಎಯನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿಯಿದೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿ ಹಾಗೆಯೇ ಆಗುವುದಿಲ್ಲ. ಮಗುವಿಗೆ ಬೇಕಾದ ಶಸ್ತ್ರಚಿಕಿತ್ಸೆಯನ್ನು ಈ ಭಯದಿಂದ ಮುಂದೂಡುವುದೇ ದೊಡ್ಡ ಅಪಾಯ. ಹೆಚ್ಚು ಎಚ್ಚರ ಬೇಕಾದದ್ದು ಥಿಯೇಟರಿನಲ್ಲಿ ವರ್ಷಗಟ್ಟಲೆ ದುಡಿಯುವ ವೈದ್ಯರು, ದಾದಿಯರ ವಿಷಯದಲ್ಲಿ. ಸೋರಿದ ಅನಿಲವನ್ನು ಹೊರಗೆ ಸಾಗಿಸುವ ವ್ಯವಸ್ಥೆ, ಕೀಮೋ ಮದ್ದು ಬೆರೆಸುವವರಿಗೆ ಕೈಗವಸು ಇರುವುದು ಅದಕ್ಕೇ.

ಇಲಿಗಳಿಗೂ ಕಾನೂನಿನ ರಕ್ಷಣೆಯಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 1998ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಯೋಗಗಳಿಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಎಷ್ಟು ಇಲಿಗಳು, ಏಕೆ ಬೇಕು, ನೋವು ಕಡಿಮೆ ಮಾಡುವುದು ಹೇಗೆ, ಬೇರೆ ದಾರಿ ಇಲ್ಲವೇ ಎಂಬುದನ್ನು ಸಂಶೋಧಕ ಮೊದಲೇ ವಿವರಿಸಬೇಕು. ಮುಂದೆ ಪ್ರಯೋಗಶಾಲೆ ಸೇರಬಯಸುವ ವಿದ್ಯಾರ್ಥಿ ಈ ಪ್ರಶ್ನೆಗಳನ್ನು ಈಗಿನಿಂದಲೇ ರೂಢಿಸಿಕೊಳ್ಳುವುದು ಒಳ್ಳೆಯದು.