ಉದ್ಯಮದ ಅನುಭವ, ವಿಜ್ಞಾನದ ನೀತಿ: ಕಿರಣ್ ಮಜುಂದಾರ್ ಷಾ ಅವರ ಸಾರ್ವಜನಿಕ ಕಾರ್ಯ

ಕಚ್ಚಾವಸ್ತುವಿನ ದರ, ವಿದ್ಯುತ್ ಶುಲ್ಕ, ಕೂಲಿ, ತೆರಿಗೆ, ಸಾಗಣೆ ಇವೆಲ್ಲವನ್ನೂ ಪ್ರತಿಯೊಬ್ಬ ಉದ್ಯಮಿಯು ತನ್ನ ಸರಕಿನ ಬೆಲೆಯಲ್ಲಿ ಲೆಕ್ಕ ಹಾಕುತ್ತಾನೆ. ಆದರೆ ಸರಕಾರಿ ಕಡತವೊಂದು ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ಹೋಗುವ ಕಾಲಾವಧಿಯು ಯಾವ ಖಾತೆಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಅಷ್ಟೂ ದಿನ ಬ್ಯಾಂಕಿನ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ವಿಜ್ಞಾನವನ್ನು ಆಧರಿಸಿದ ಉದ್ಯಮಗಳಲ್ಲಿ ಈ ಅವಧಿ ವರ್ಷಗಳವರೆಗೆ ಎಳೆಯಬಲ್ಲದು. ಅಲ್ಲಿ ನಿಯಮಗಳ ರಚನೆಯೇ ಉದ್ಯಮದ ಅಳಿವು ಉಳಿವಿನ ಪ್ರಶ್ನೆಯಾಗುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯ ಸ್ಥಾಪಕಿ ಶ್ರೀಮತಿ ಕಿರಣ್ ಮಜುಂದಾರ್ ಷಾ ಅವರು ಕಾರ್ಖಾನೆಯ ಆಡಳಿತದ ಜೊತೆಗೆ ವಿಜ್ಞಾನ ನೀತಿಯ ಕ್ಷೇತ್ರಕ್ಕೂ ಕಾಲಿಟ್ಟುದರ ಹಿನ್ನೆಲೆ ಇದೇ ಆಗಿದೆ.

ಹತ್ತು ಸಾವಿರ ರೂಪಾಯಿಯ ಆರಂಭ

1953ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು 1973ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದರು. ತಂದೆಯವರು ಬಿಯರ್ ತಯಾರಿಕೆಯ ಪರಿಣತರು. ಮಗಳೂ ಅದೇ ವಿದ್ಯೆಯನ್ನು ಆಸ್ಟ್ರೇಲಿಯಾದಲ್ಲಿ ಕಲಿತು 1975ರಲ್ಲಿ ಪೂರೈಸಿದರು. ಸ್ವದೇಶಕ್ಕೆ ಮರಳಿದಾಗ, ಇದು ಗಂಡಸರ ಕೆಲಸವೆಂಬ ಕಾರಣದಿಂದ ಪ್ರಧಾನ ತಯಾರಕರ ಹುದ್ದೆ ಅವರಿಗೆ ದೊರೆಯಲಿಲ್ಲ. 1978ರಲ್ಲಿ ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್ ಸಂಸ್ಥೆಯ ಸಹಯೋಗದೊಂದಿಗೆ, ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಇಂಡಿಯಾ ಆರಂಭವಾಯಿತು. ಪರಂಗಿ ಕಾಯಿಯ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ ಹಾಗೂ ಮೀನಿನ ಗಾಳಿಚೀಲದಿಂದ ಪಡೆಯುವ, ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸ್ ಅದರ ಮೊದಲ ಉತ್ಪನ್ನಗಳು.

ಅಂದಿನ ಕಾನೂನು ಈ ಉದ್ಯಮಕ್ಕೆ ತೊಡಕೂ ಆಯಿತು, ಆಸರೆಯೂ ಆಯಿತು. ವಿದೇಶಿ ಪಾಲುದಾರಿಕೆಯು ಶೇ. 30ಕ್ಕೆ ಸೀಮಿತವಾಗಿದ್ದುದರಿಂದ ಉಳಿದ ಶೇ. 70ರ ಒಡೆತನ ಭಾರತೀಯ ಪಾಲುದಾರರಾದ ಕಿರಣ್ ಅವರಿಗೇ ಬಂದಿತು. ಮತ್ತೊಂದೆಡೆ, ಅಡಮಾನವಿಲ್ಲದ, ಯಾರೂ ಕೇಳರಿಯದ ತಂತ್ರಜ್ಞಾನದ ಉದ್ಯಮಕ್ಕೆ, ಅದರಲ್ಲಿಯೂ 25ರ ಹರೆಯದ ಮಹಿಳೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಒಂದೇ ವರ್ಷದಲ್ಲಿ ಸಂಸ್ಥೆಯು ಅಮೆರಿಕ ಮತ್ತು ಯೂರೋಪಿಗೆ ಕಿಣ್ವಗಳನ್ನು ರಫ್ತು ಮಾಡಿತು. ಕಾನೂನಿನ ಒಂದು ಸಾಲು ಉದ್ಯಮದ ಹಣೆಬರಹವನ್ನು ಹೇಗೆ ಬದಲಿಸಬಲ್ಲುದೆಂಬುದನ್ನು ಅವರು ಆರಂಭದ ದಿನಗಳಲ್ಲಿಯೇ ಕಂಡಿದ್ದರು.

ಕಿಣ್ವದಿಂದ ಔಷಧಿಗೆ

ಕಿಣ್ವಗಳ ತಯಾರಿಕೆಯಲ್ಲಿ ಗಳಿಸಿದ ಹುದುಗುವಿಕೆಯ ಜ್ಞಾನವನ್ನು ಔಷಧಿಗಳ ತಯಾರಿಕೆಗೆ ಬಳಸತೊಡಗಿದಾಗ ಸರಕಾರದೊಡನೆ ವ್ಯವಹರಿಸುವ ರೀತಿಯೇ ಬದಲಾಯಿತು. 2004ರಲ್ಲಿ ಸಂಸ್ಥೆಯು ಯೀಸ್ಟ್ ಕಣಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ವಂಶವಾಹಿ ಮಾರ್ಪಾಡಿನಿಂದ ತಯಾರಾಗುವ ಇಂತಹ ಔಷಧಿಗಳು ಹಲವು ಬಾಗಿಲುಗಳನ್ನು ದಾಟಬೇಕಾಗಿತ್ತು. ಮೊದಲಿಗೆ ಸಂಸ್ಥೆಯೊಳಗಿನ ಜೈವಿಕ ಸುರಕ್ಷತಾ ಸಮಿತಿ, ನಂತರ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪರಿಶೀಲನಾ ಸಮಿತಿ, ಆಮೇಲೆ ಪರಿಸರ ಸಚಿವಾಲಯದ ಅನುಮೋದನಾ ಸಮಿತಿ, ಕಡೆಯಲ್ಲಿ ಔಷಧ ನಿಯಂತ್ರಣ ಮಹಾನಿರ್ದೇಶಕರು. ಈ ವ್ಯವಸ್ಥೆಯ ಮೂಲ 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ರಚಿಸಲಾದ ನಿಯಮಗಳು.

ಮಾರ್ಪಡಿಸಿದ ಜೀವಿಯು ಪರಿಸರದಲ್ಲಿ ಹರಡಬಾರದೆಂಬ ಎಚ್ಚರಿಕೆ ಈ ನಿಯಮಗಳ ಹಿಂದಿತ್ತು. ಹೊಲದಲ್ಲಿ ಬಿತ್ತುವ ಬೀಜಕ್ಕೆ ಇದು ಸಹಜವಾಗಿಯೇ ಅನ್ವಯಿಸುತ್ತದೆ. ಆದರೆ ಮುಚ್ಚಿದ ತೊಟ್ಟಿಯಲ್ಲಿ ತಯಾರಾಗಿ, ಶುದ್ಧೀಕರಣಗೊಂಡು ಸೀಸೆಯನ್ನು ಸೇರುವ ಇನ್ಸುಲಿನ್ನಿನಲ್ಲಿ ಜೀವಂತ ಕಣವೇ ಇರುವುದಿಲ್ಲ. ಅದನ್ನೂ ಬೀಜದಂತೆಯೇ ಪರಿಶೀಲಿಸುವುದೇಕೆ ಎಂಬುದು ಉದ್ಯಮದ ಪ್ರಶ್ನೆಯಾಗಿತ್ತು.

ಒಕ್ಕೂಟದ ದನಿ

ಈ ಪ್ರಶ್ನೆಯನ್ನು ಒಂದು ಸಂಸ್ಥೆ ತನ್ನ ಅಹವಾಲಾಗಿ ಮಂಡಿಸಿದ್ದರೆ ಅದು ಸ್ವಹಿತದ ಮಾತೆನಿಸುತ್ತಿತ್ತು. 2003ರಲ್ಲಿ ಜೈವಿಕ ತಂತ್ರಜ್ಞಾನ ಉದ್ಯಮಗಳ ಒಕ್ಕೂಟವಾದ ‘ಏಬಲ್’ ಸ್ಥಾಪನೆಯಾಗಿ, ಕಿರಣ್ ಅವರು ಅದರ ಸ್ಥಾಪಕ ಅಧ್ಯಕ್ಷರಾದರು. ಔಷಧಿ, ಬೀಜ, ಕಿಣ್ವ, ಸಂಶೋಧನಾ ಸೇವೆ ಹೀಗೆ ಬೇರೆ ಬೇರೆ ಕ್ಷೇತ್ರಗಳವರು ಒಂದೇ ವೇದಿಕೆಗೆ ಬಂದರು. ಡಾ. ಆರ್.ಎ. ಮಾಶೇಲ್ಕರ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರಕಾರವು ನೇಮಿಸಿದ ಕಾರ್ಯಪಡೆಯು ಅಂತಿಮ ಉತ್ಪನ್ನದಲ್ಲಿ ಜೀವಂತ ಮಾರ್ಪಡಿತ ಜೀವಿ ಇದೆಯೇ ಇಲ್ಲವೇ ಎಂಬುದರ ಮೇಲೆ ಪರಿಶೀಲನೆಯ ಹಂತಗಳನ್ನು ವಿಂಗಡಿಸಬೇಕೆಂದು ಸಲಹೆ ನೀಡಿತು. ಈ ಶಿಫಾರಸುಗಳು 2006ರಲ್ಲಿ ಜಾರಿಗೆ ಬಂದವು. ನಿಯಂತ್ರಣವು ರದ್ದಾಗಲಿಲ್ಲ, ಅಪಾಯದ ಪ್ರಮಾಣಕ್ಕೆ ಹೊಂದಿಕೆಯಾಯಿತು.

ರಾಜ್ಯಮಟ್ಟದಲ್ಲಿಯೂ ಕೆಲಸ ನಡೆದಿತ್ತು. ಶ್ರೀ ಎಸ್.ಎಂ. ಕೃಷ್ಣ ಅವರ ಸರಕಾರವು 2001ರಲ್ಲಿ ಮಿಲೇನಿಯಂ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ಸರಕಾರಕ್ಕೆ ಸಲಹೆ ನೀಡುವ ಜೈವಿಕ ತಂತ್ರಜ್ಞಾನ ದರ್ಶನ ಸಮಿತಿಯ ಅಧ್ಯಕ್ಷತೆಯನ್ನು ಕಿರಣ್ ಅವರು ಬೇರೆ ಬೇರೆ ಸರಕಾರಗಳ ಕಾಲದಲ್ಲಿ ನಿರ್ವಹಿಸಿದರು. ಬೆಂಗಳೂರಿನ ವಾರ್ಷಿಕ ಜೈವಿಕ ತಂತ್ರಜ್ಞಾನ ಮೇಳವೂ, ರಾಜ್ಯ ಸರಕಾರ ಮತ್ತು ಐಸಿಐಸಿಐ ಸಹಭಾಗಿತ್ವದ ಜೈವಿಕ ಮಾಹಿತಿ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆಯೂ ಆ ಕಾಲದ ಫಲಗಳು. 2017ರಲ್ಲಿ ಈ ಮೇಳವು ಮಾಹಿತಿ ತಂತ್ರಜ್ಞಾನದ ಮೇಳದೊಂದಿಗೆ ಕೂಡಿ ಬೆಂಗಳೂರು ಟೆಕ್ ಸಮಿಟ್ ಆಯಿತು.

ಎರಡು ಪಾಠಗಳು

ಕೈಗೂಡದ ಪ್ರಯತ್ನಗಳೂ ಉಂಟು. ಎಲ್ಲ ಜೈವಿಕ ಉತ್ಪನ್ನಗಳಿಗೂ ಒಂದೇ ನಿಯಂತ್ರಣ ಪ್ರಾಧಿಕಾರವಿರಬೇಕೆಂದು ಉದ್ಯಮವು ಬಹುಕಾಲ ಕೋರಿತು. 2013ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆಯು 2014ರಲ್ಲಿ ಸದನದ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ತಂತ್ರಜ್ಞಾನವನ್ನು ಪ್ರೋತ್ಸಾಹಿಸುವ ಸಚಿವಾಲಯದ ಅಡಿಯಲ್ಲಿಯೇ ಅದನ್ನು ನಿಯಂತ್ರಿಸುವ ಪ್ರಾಧಿಕಾರವಿರಬಾರದೆಂಬ ವಿರೋಧಿಗಳ ಆಕ್ಷೇಪಕ್ಕೆ ಸಮರ್ಪಕ ಉತ್ತರ ದೊರೆತಿರಲಿಲ್ಲ.

ಎರಡನೆಯದು ಔಷಧ ಪ್ರಯೋಗಗಳ ವಿಚಾರ. ಪ್ರಯೋಗಕ್ಕೊಳಗಾದ ಬಡ ರೋಗಿಗಳ ಸಾವು ಮತ್ತು ಪರಿಹಾರದ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿ, 2013ರಲ್ಲಿ ನಿಯಮಗಳು ಬಹಳ ಬಿಗಿಯಾದವು. ಹೊಸ ಅನುಮತಿಗಳು ತೀವ್ರವಾಗಿ ಇಳಿದವು. ಇದರಿಂದ ದೇಶೀಯ ಸಂಶೋಧನೆಗೆ ಪೆಟ್ಟು ಬೀಳುತ್ತದೆಂದು ಕಿರಣ್ ಅವರು ಬಹಿರಂಗವಾಗಿ ಹೇಳಿದರು. ಆದರೆ ರೋಗಿಯ ಪ್ರಾಣವನ್ನು ಕಡತದ ವಿಳಂಬದೊಡನೆ ತೂಗಲಾಗದೆಂಬ ವಾದಕ್ಕೂ ಬಲವಿತ್ತು. 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳು ಎರಡೂ ಪಕ್ಷಗಳ ಮಾತನ್ನು ಒಳಗೊಂಡವು. ಪರಿಹಾರದ ಹೊಣೆ ಉಳಿಯಿತು. ಭಾರತದಲ್ಲಿಯೇ ಕಂಡುಹಿಡಿದ ಔಷಧಿಯ ಪ್ರಯೋಗದ ಅರ್ಜಿಗೆ 30 ಕೆಲಸದ ದಿನಗಳ ಗಡುವು ಬಂದಿತು. ಗಡುವಿನೊಳಗೆ ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆಯೇ ಎಂದು ನಿಯಮವು ಹೇಳುತ್ತದೆ.

ಪ್ರಯೋಗಾಲಯದಾಚೆ

2013ರಲ್ಲಿ ಬೆಂಗಳೂರು ನಗರದ ಆಡಳಿತ ಸುಧಾರಣೆಗಾಗಿ ಸ್ಥಾಪಿತವಾದ ‘ಬಿ.ಪ್ಯಾಕ್’ ಎಂಬ ನಾಗರಿಕ ಸಂಘಟನೆಗೆ ಅವರು ಅಧ್ಯಕ್ಷರಾದರು. 2014ರಲ್ಲಿ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಆಡಳಿತ ಮಂಡಳಿಯ ಅಧ್ಯಕ್ಷ ಸ್ಥಾನವೂ ಒದಗಿತು. ಸಾರ್ವಜನಿಕ ನುಡಿಗೆ ಬೆಲೆಯೂ ತೆರಬೇಕಾಯಿತು. 2022ರಲ್ಲಿ ರಾಜ್ಯದ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ನಿರಾಕರಿಸಿದ ವಿವಾದವೆದ್ದಾಗ, ಧಾರ್ಮಿಕ ಒಡಕನ್ನು ಬಗೆಹರಿಸುವಂತೆ ಅಂದಿನ ಮುಖ್ಯಮಂತ್ರಿಗಳನ್ನು ಅವರು ಬಹಿರಂಗವಾಗಿ ಕೋರಿದರು. ಅದಕ್ಕೆ ಮೆಚ್ಚುಗೆಯೂ ಕಟುವಾದ ಟೀಕೆಯೂ ಬಂದವು. ವಿಜ್ಞಾನದ ವಿಷಯದಲ್ಲಿ ದನಿಯೆತ್ತುವ ಉದ್ಯಮಿಗೆ ಊರಿನ ನೆಮ್ಮದಿಯ ವಿಷಯದಲ್ಲಿ ಮೌನ ಸಲ್ಲದೆಂಬುದು ಅವರ ನಿಲುವಾಗಿತ್ತು.

ಸಣ್ಣ ಉದ್ಯಮಿಗಳು ತಿಳಿಯಬೇಕಾದುದು

ದೊಡ್ಡ ಸಂಸ್ಥೆಯ ಒಡತಿಗೆ ಸಾಧ್ಯವಾದುದು ಸಣ್ಣ ಕಾರ್ಖಾನೆಯವರಿಗೆ ಹೇಗೆ ಸಾಧ್ಯ ಎಂಬ ಸಂದೇಹ ಸಹಜ. ದೊಡ್ಡವರು ವಿಳಂಬವನ್ನು ತಾಳಿಕೊಳ್ಳಬಲ್ಲರು. ಹತ್ತು ಮಂದಿ ಕೆಲಸಗಾರರ ಘಟಕ ತಾಳಲಾರದು. ಆದುದರಿಂದಲೇ ನೀತಿಯ ಮಾತುಕತೆ ಸಣ್ಣವರಿಗೆ ಹೆಚ್ಚು ಅವಶ್ಯಕ. ಮೇಲಿನ ವೃತ್ತಾಂತದಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಬೇಡಿಕೆಯು ಒಂಟಿ ಘಟಕದ್ದಾಗಿರದೆ ಸಂಘದ್ದಾಗಿರಬೇಕು. ಎರಡನೆಯದಾಗಿ, ‘ತೊಂದರೆಯಾಗುತ್ತಿದೆ’ ಎಂಬ ಸಾಮಾನ್ಯ ದೂರಿಗಿಂತ ಯಾವ ನಿಯಮದ ಯಾವ ಹಂತದಲ್ಲಿ ಎಷ್ಟು ದಿನ ಹಾಗೂ ಎಷ್ಟು ಹಣ ವ್ಯಯವಾಗುತ್ತಿದೆ ಎಂಬ ಲಿಖಿತ ವಿವರಕ್ಕೆ ತೂಕ ಹೆಚ್ಚು. ಮೂರನೆಯದಾಗಿ, ಆ ನಿಯಮವು ಯಾರ ರಕ್ಷಣೆಗಾಗಿ ಬಂದಿದೆಯೋ ಅವರ ಹಿತಕ್ಕೆ ಧಕ್ಕೆಯಾಗದ ಪರ್ಯಾಯವನ್ನು ಉದ್ಯಮವೇ ಸೂಚಿಸಬೇಕು. 2006ರ ಸುಧಾರಣೆಯಲ್ಲಿ ಈ ಪರ್ಯಾಯವಿತ್ತು, ಅದು ನೆಲೆಗೊಂಡಿತು. 2013ರ ಮಸೂದೆಯಲ್ಲಿ ಆಕ್ಷೇಪಕ್ಕೆ ಉತ್ತರವಿರಲಿಲ್ಲ, ಅದು ಮುಂದೆ ಸಾಗಲಿಲ್ಲ.

ಮುಂದಿನ ಸಲ ಕಡತವೊಂದು ನಿಂತುಹೋದಾಗ ಅರ್ಜಿ ಕೊಟ್ಟ ದಿನ, ಉತ್ತರ ಬಂದ ದಿನ, ನಡುವೆ ಕಟ್ಟಿದ ಬಡ್ಡಿ ಇವಿಷ್ಟನ್ನೂ ಪ್ರತಿ ಘಟಕವು ಬರೆದಿಟ್ಟುಕೊಳ್ಳುವುದು ಒಳಿತು. ಇಂತಹ ನೂರು ಘಟಕಗಳ ದಾಖಲೆ ಒಂದೆಡೆ ಸೇರಿದಾಗ ಅದು ದೂರಾಗಿ ಉಳಿಯುವುದಿಲ್ಲ, ನೀತಿಯ ಕರಡಿಗೆ ಆಧಾರವಾಗುತ್ತದೆ.