ಹೆಸರು ಅಳಿಯಿತು, ಕಡತ ಉಳಿಯಿತು

ಮಕ್ಕಳೇ, ಅಕ್ಕಲಕೋಟದಿಂದ ಕರಜಗಿಗೆ ಒಂದು ಎಸ್.ಟಿ. ಬಸ್ಸು ಹೊರಟಿದೆ ಎಂದು ತಿಳಿಯಿರಿ. ಬಸ್ಸು ಅರ್ಧ ದಾರಿಯಲ್ಲಿದೆ. ಅಷ್ಟರಲ್ಲಿ ನಿಲ್ದಾಣದ ಫಲಕದಿಂದ ಅದರ ಹೆಸರನ್ನು ಅಳಿಸಿದರು. ಬಸ್ಸಿನಲ್ಲಿ ಕುಳಿತವರನ್ನು ನಡುದಾರಿಯಲ್ಲಿ ಇಳಿಸುತ್ತಾರೆಯೇ? ಇಲ್ಲ. ಬಸ್ಸು ಕರಜಗಿಯನ್ನು ಮುಟ್ಟುತ್ತದೆ. ಎಲ್ಲರೂ ಇಳಿದ ಮೇಲೆಯೇ ಅದು ಖಾಲಿಯಾಗುತ್ತದೆ. ಆದರೆ ಫಲಕ ನೋಡಿ ಬರುವ ಹೊಸಬರಿಗೆ ಆ ಬಸ್ಸು ಸಿಗುವುದಿಲ್ಲ.

ಗಣಕಯಂತ್ರದಲ್ಲಿಯೂ ಹೀಗೆಯೇ ನಡೆಯುವುದುಂಟು. ಅಲ್ಲಿ ಪಾಠ, ಹಾಡು, ವಿಡಿಯೋ, ಆಟ ಎಲ್ಲವೂ ಕಡತಗಳಾಗಿ ಇರುತ್ತವೆ. ಅವುಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕನಿಗೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಲಿನಕ್ಸ್ ಅಂಥ ಒಂದು ವ್ಯವಸ್ಥೆ. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಇದನ್ನು ಆರಂಭಿಸಿದನು. ಪುಣೆಯಲ್ಲಿ ಮುಖ್ಯ ಕಚೇರಿ ಇರುವ ಸಿ-ಡ್ಯಾಕ್ ಸಂಸ್ಥೆಯ 'ಬಾಸ್' ಎಂಬ ವ್ಯವಸ್ಥೆಯೂ ಲಿನಕ್ಸನ್ನೇ ಆಧರಿಸಿದೆ. ಅದರಲ್ಲಿ ಕನ್ನಡವನ್ನೂ ಬಳಸಬಹುದು.

ಲಿನಕ್ಸಿನಲ್ಲಿ ಕಡತದ ಹೆಸರು ಒಂದು ಕಡೆ, ಒಳಗಿನ ವಿಷಯ ಇನ್ನೊಂದು ಕಡೆ ಇರುತ್ತದೆ. ನೀವು ವಿಡಿಯೋ ನೋಡುತ್ತಿರುವಾಗ ಯಾರೋ ಆ ಕಡತವನ್ನು ಪೂರ್ತಿಯಾಗಿ ಅಳಿಸಿದರು ಎನ್ನಿ. ಪಟ್ಟಿಯಿಂದ ಹೆಸರು ಹೋಗುತ್ತದೆ. ಆದರೂ ವಿಡಿಯೋ ನಿಲ್ಲುವುದಿಲ್ಲ! ಏಕೆ? ಲಿನಕ್ಸ್ ಎರಡು ಲೆಕ್ಕ ಇಡುತ್ತದೆ. ಕಡತಕ್ಕೆ ಎಷ್ಟು ಹೆಸರುಗಳಿವೆ? ಎಷ್ಟು ಕಡೆ ಅದನ್ನು ತೆರೆದಿದ್ದಾರೆ? ಎರಡೂ ಸೊನ್ನೆಯಾದಾಗ ಮಾತ್ರ ಅದರ ಜಾಗವನ್ನು ಬೇರೆ ಕಡತಗಳಿಗೆ ಬಿಟ್ಟುಕೊಡುತ್ತದೆ.

ಇದರಿಂದ ಒಂದು ಲಾಭವಿದೆ. ಹಳೆಯ ತಂತ್ರಾಂಶ ನಡೆಯುತ್ತಿರುವಾಗಲೇ ಅದರ ಹೆಸರಿನಲ್ಲಿ ಹೊಸದನ್ನು ತಂದಿಡಬಹುದು. ಮುಚ್ಚಿ ಮತ್ತೆ ತೆರೆದಾಗ ಹೊಸದು ಬರುತ್ತದೆ. ವಿಂಡೋಸ್ ವ್ಯವಸ್ಥೆಯ ರೀತಿ ಬೇರೆ. ಅದು ಸಾಮಾನ್ಯವಾಗಿ, "ಕಡತ ಬಳಕೆಯಲ್ಲಿದೆ" ಎಂದು ಹೇಳಿ ಅಳಿಸಲು ಬಿಡುವುದಿಲ್ಲ.

ನಡುವೆ ವಿದ್ಯುತ್ ಹೋದರೆ? ತೆರೆದದ್ದೆಲ್ಲ ಮುಚ್ಚಿಹೋಗುತ್ತದೆ. ಯಂತ್ರ ಮತ್ತೆ ಆರಂಭವಾದಾಗ ಲಿನಕ್ಸ್ ಹೆಸರಿಲ್ಲದ ಕಡತಗಳನ್ನು ಹುಡುಕಿ ಅವುಗಳ ಜಾಗವನ್ನು ಖಾಲಿ ಮಾಡುತ್ತದೆ.

ಒಮ್ಮೊಮ್ಮೆ ದೊಡ್ಡ ಕಡತವನ್ನು ಅಳಿಸಿದರೂ ಜಾಗ ಹೆಚ್ಚುವುದಿಲ್ಲ. ಆಗ ಗಾಬರಿಯಾಗಿ ಕಂಡಕಂಡ ಕಡತಗಳನ್ನೆಲ್ಲ ಅಳಿಸಬೇಡಿ. ಗೆಳೆಯರು ಬರೆದಿಟ್ಟ ಪಾಠವೂ ಹೋಗಿಬಿಟ್ಟೀತು! ಮೊದಲು ಕಸದ ಬುಟ್ಟಿಯಲ್ಲಿ ಆ ಕಡತ ಉಳಿದಿದೆಯೇ ಎಂದು ನೋಡಿರಿ. ಬಳಿಕ ಅದನ್ನು ಯಾವ ತಂತ್ರಾಂಶ ಇನ್ನೂ ಬಳಸುತ್ತಿದೆ ಎಂದು ಗುರುಗಳನ್ನು ಕೇಳಿ, ಅದನ್ನು ಮುಚ್ಚಿರಿ. ಕೊನೆಯ ಪ್ರಯಾಣಿಕ ಇಳಿದ ಮೇಲೆ ತಾನೇ ಬಸ್ಸು ಖಾಲಿಯಾಗುವುದು?