ಮಗ ಕಳದಾನ, ಇಂವ ಫ್ಯಾನ್ ಆರಸ್ತಾನ

ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಬೇಕು. ನಮ್ಮ ಖೋಲಿಯಲ್ಲಿ ಆ ಪದ್ಧತಿ ಇಲ್ಲ. ಬೂಟು ಬಿಚ್ಚುವ ಮೊದಲೇ ಯಾರಾದರೊಬ್ಬರು ಕಂಪ್ಯೂಟರಿನ ಗುಂಡಿ ಒತ್ತಿರುತ್ತಾರೆ.

ಸೊಲ್ಲಾಪುರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಹೊರಗೆ, ಪುಣೆ ಹೈವೇಯ ಲಾರಿಗಳ ಸಪ್ಪಳ ಕೇಳುವಷ್ಟು ಹತ್ತಿರ, ನಾವು ಮೂವರು ಕೂಡಿ ಹಿಡಿದ ಖೋಲಿ ಅದು. ನಾನು ಲೇಥ್ ಮೇಲೆ, ದುಧನಿಯವನು ಕ್ವಾಲಿಟಿಯಲ್ಲಿ, ಮೈಂದರ್ಗಿಯವನು ಸ್ಟೋರಿನಲ್ಲಿ. ಮೂವರೂ ಅಕ್ಕಲಕೋಟ ತಾಲೂಕಿನವರು, ಕನ್ನಡ ಸಾಲೆಯಲ್ಲಿ ಕಲಿತವರು. ಪಟ್ಟಿ ಹಾಕಿ ಕೊಂಡ ಹಳೆಯ ಕಂಪ್ಯೂಟರು, ಅದರಲ್ಲಿ ಫಾಲ್‌ಔಟ್ 4 ಎಂಬ ಆಟ.

2077ರ ಅಕ್ಟೋಬರ್ 23ರಂದು ಅಣುಬಾಂಬು ಬಿದ್ದು ಲೋಕ ಸುಟ್ಟುಹೋಗುತ್ತದೆ. ನೆಲದಡಿಯ ಅಡಗುದಾಣದಲ್ಲಿ ಹೆಪ್ಪುಗಟ್ಟಿಸಿಟ್ಟ ನೀವು 210 ವರ್ಷ ಬಿಟ್ಟು ಏಳುತ್ತೀರಿ. ನಡುವೆ ಒಮ್ಮೆ ಎಚ್ಚರವಾದಾಗ ಕಣ್ಣೆದುರೇ ನಿಮ್ಮ ಹೆಂಡತಿಯನ್ನು ಕೊಂದು ಹಸುಗೂಸನ್ನು ಯಾರೋ ಒಯ್ದಿರುತ್ತಾರೆ. ಮಗನನ್ನು ಹುಡುಕಬೇಕು. ಕತೆ ಇಷ್ಟು, ಆಟ ಇದಕ್ಕಿಂತ ದೊಡ್ಡದು. ಹಾಳುಬಿದ್ದ ಬಾಸ್ಟನ್ ಶಹರ, ಸುತ್ತಲ ಹಳ್ಳಿ, ಕೆಸರು, ಕಾರ್ಖಾನೆ ಎಲ್ಲ ನಿಮ್ಮೆದುರು ಬಿಚ್ಚಿ ಬಿದ್ದಿರುತ್ತದೆ. ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ತಡೆಯುವವರಿಲ್ಲ. ದೊಡ್ಡಾಟ ನೋಡಿದವರಿಗೆ ಹೇಳುವುದಾದರೆ, ಪಾತ್ರ ನಿಮ್ಮದು, ಮಾತು ಆರಿಸುವವರೂ ನೀವೇ, ಹಿಂದೆ ನಿಂತು ಪದ ಹೇಳಿಕೊಡುವ ಮಾಸ್ತರ ಮಾತ್ರ ಇಲ್ಲ.

ಮಾಸ್ತರ ಇಲ್ಲದ್ದೇ ಜಗಳದ ಮೂಲ. ನಮ್ಮ ಮೈಂದರ್ಗಿಯವನು ಆಟಕ್ಕೆ ಕೂತರೆ ಮುರಿದ ಆಫೀಸೊಂದರೊಳಗೆ ಹೊಕ್ಕು ಟೇಬಲ್ ಫ್ಯಾನ್ ಆರಿಸುತ್ತಾನೆ. ಫ್ಯಾನು, ಟೈಪ್‌ರೈಟರು, ಟೇಪಿನ ಸುರುಳಿ. ಫ್ಯಾನ್ ಬಿಚ್ಚಿದರೆ ಗಿಯರು, ಸ್ಕ್ರೂ ಸಿಗುತ್ತವೆ. ಸ್ಕ್ರೂ ಇಲ್ಲದೆ ಬಂದೂಕು ಸುಧಾರಿಸುವುದಿಲ್ಲ. ಹೊರಲಾರದಷ್ಟು ಭಂಗಾರ್ ತುಂಬಿಕೊಂಡ ಮೇಲೆ ಪಾತ್ರಕ್ಕೆ ಓಡಲು ಬರುವುದಿಲ್ಲ, ಹೆಜ್ಜೆ ಎಳೆಯುತ್ತ ನಡೆಯುತ್ತದೆ. "ಅಲ್ಲೋ, ಮಗ ಕಳದಾನ, ಇಂವ ಫ್ಯಾನ್ ಆರಸ್ತಾನ" ಎಂದು ದುಧನಿಯವನು ತಲೆ ಚಚ್ಚಿಕೊಳ್ಳುತ್ತಾನೆ.

2015ರ ನವೆಂಬರಿನಲ್ಲಿ ಆಟ ಬಂದಾಗಿನಿಂದ ಜಗತ್ತಿನ ತುಂಬ ಆಡುವವರ ದೊಡ್ಡ ತಕರಾರೂ ಇದೇ. ಕತೆ ಅವಸರ ಮಾಡುತ್ತದೆ, ಆಟ ಅಡ್ಡಾಡಿಸುತ್ತದೆ. ನನ್ನ ಕೇಳಿದರೆ ಅದು ತಪ್ಪಲ್ಲ. ದಿನಕ್ಕೆ ಎಂಟು ತಾಸು ಮೈಕ್ರೋಮೀಟರ್ ಹಿಡಿದು ಇನ್ನೊಬ್ಬರ ಡ್ರಾಯಿಂಗಿನಂತೆ ಕಬ್ಬಿಣ ಕೊರೆಯುವವನಿಗೆ, ತನಗೆ ಬೇಕಾದದ್ದನ್ನು ತಾನೇ ಜೋಡಿಸುವ ಸುಖ ಹೇಳಿ ತೀರದು. ಬಂದೂಕು ಸುಧಾರಿಸಲು ಬೇಕಾದ ಅಂಟು ಸಾಲುವುದಿಲ್ಲವೆಂದು ನಾವು ಆಟದೊಳಗೆ ಒಕ್ಕಲುತನ ಮಾಡಿದ್ದೇವೆ. ಮೂರು ಗೋವಿನಜೋಳದ ತೆನೆ, ಮೂರು 'ಮಟ್‌ಫ್ರೂಟ್', ಮೂರು 'ಟೇಟೊ', ಒಂದು ಶುದ್ಧ ನೀರಿನ ಡಬ್ಬಿ ಕೂಡಿಸಿ ಕುದಿಸಿದರೆ ಐದು ಪಾಲು ಅಂಟು. ಮೈಂದರ್ಗಿಯವನು ಈ ಲೆಕ್ಕವನ್ನು ಸ್ಟೋರಿನ ರಜಿಸ್ಟರಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದ. ಸುಪರ್‌ವೈಜರ್ ಕೇಳಿದಾಗ ಏನು ಹೇಳಿದನೋ ತಿಳಿಯದು.

ದುಧನಿಯವನು ಬೇರೆ ಪಂಥ. ಅವನ ದೇವರು 2010ರ ಫಾಲ್‌ಔಟ್ ನ್ಯೂ ವೇಗಸ್. ಅಬ್ಸಿಡಿಯನ್ ಎಂಬ ಕಂಪನಿ ಹದಿನೆಂಟು ತಿಂಗಳಲ್ಲಿ ಕಟ್ಟಿದ್ದು. ಬಂದಾಗ ಅಲ್ಲಲ್ಲಿ ಮುಗ್ಗರಿಸುತ್ತಿತ್ತು, ನಡುವೆಯೇ ನಿಂತುಬಿಡುತ್ತಿತ್ತು. ಅದರಲ್ಲಿ ನೀವು ಟಪಾಲು ಒಯ್ಯುವವರು. ಮೊದಲ ದೃಶ್ಯದಲ್ಲೇ ತಲೆಗೆ ಗುಂಡು ಹೊಡೆದು ಹುಗಿಯುತ್ತಾರೆ. ಬದುಕಿ ಎದ್ದ ಮೇಲೆ ಒಂದು ಅಣೆಕಟ್ಟಿಗಾಗಿ ಹೊಡೆದಾಡುವ ಪಕ್ಷಗಳ ನಡುವೆ ಯಾರ ಕಡೆ ನಿಲ್ಲುತ್ತೀರಿ ಎನ್ನುವುದೇ ಕತೆ. ಮಾತಿನ ಕಲೆ ನೂರಕ್ಕೆ ಮುಟ್ಟಿದ್ದರೆ ಕೊನೆಯ ಸೇನಾಪತಿಯನ್ನು ಒಂದು ಗುಂಡೂ ಹಾರಿಸದೆ ಬರೇ ಮಾತಿನಿಂದ ಹಿಂದಕ್ಕೆ ಕಳಿಸಬಹುದು. ಇಂಗ್ಲಿಷ್ ಅಕ್ಷರ ಪರದೆಯ ಕೆಳಗೆ ಓಡುವಾಗ ನಾವು ಮೂವರೂ ಗಟ್ಟಿಯಾಗಿ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತ ಆ ಮಾತು ಗೆದ್ದ ದಿನ ನೆರೆಯವರು ಗೋಡೆ ಬಡಿದಿದ್ದರು.

"ನಿನ್ನ ನಾಕನೇದರಾಗ ಏನೈತಿ? ನಾಕ ಉತ್ತರ ಕೊಡ್ತಾರ. ಹೂಂ ಅನ್ನು, ಚಾಷ್ಟಿ ಮಾಡಿ ಹೂಂ ಅನ್ನು, ರೊಕ್ಕ ಎಷ್ಟ ಕೊಡ್ತಿ ಅಂತ ಕೇಳಿ ಹೂಂ ಅನ್ನು, ಇಲ್ಲಾ ನಾಳೆ ಬಂದ ಹೂಂ ಅನ್ನು." ಇದು ಅವನ ಮಾತು, ಇದಕ್ಕೆ ನನ್ನ ಹತ್ತಿರ ಜವಾಬಿಲ್ಲ. ಹಿಂದಿನ ಆಟಗಳಲ್ಲಿ ಪಾತ್ರ ಮೂಕ, ಆದರೆ ಆಡಬಹುದಾದ ಮಾತು ಹತ್ತಾರು. ನಾಲ್ಕನೆಯದರಲ್ಲಿ ಪಾತ್ರಕ್ಕೆ ದನಿ ಬಂತು, ಮಾತು ನಾಲ್ಕಕ್ಕೆ ಇಳಿಯಿತು. ಮೇಲಾಗಿ ಪ್ರೆಸ್ಟನ್ ಗಾರ್ವಿ ಎಂಬ ಮನುಷ್ಯ. ಒಂದು ವಸ್ತಿಯನ್ನು ಕಾಪಾಡಿ ಬಂದು ಕೂಡುವುದರೊಳಗೆ ಇನ್ನೊಂದು ವಸ್ತಿಗೆ ಕಳಿಸುತ್ತಾನೆ. ಓವರ್‌ಟೈಮ್ ಬರೆದುಕೊಳ್ಳಲು ಬರುವವರ ಮುಖ ನೆನಪಾಗಿ ಕೈ ತಾನೇ ಬಂದೂಕಿನ ಗುಂಡಿಗೆ ಹೋಗುತ್ತದೆ. ಅವನು ಸಾಯುವುದಿಲ್ಲ, ಮೊಣಕಾಲೂರಿ ಕೂತು ಮತ್ತೆ ಏಳುತ್ತಾನೆ.

ಪಕ್ಕದ ಶೆಡ್ಡಿನ ಫಿಟರ್ ಕಾಕಾ ಆಡುವವರಲ್ಲ, ಚಹಾಕ್ಕೆ ಬಂದವರು ನಿಂತು ನೋಡುತ್ತಾರೆ. ಜನ ವಾಸವಿರುವ ಮನೆಯೊಳಗೇ ಅಸ್ಥಿಪಂಜರ, ಒಡೆದ ಗಾಜು, ಕಾಗದದ ರಾಶಿ ಕಂಡು, "ಇನ್ನೂರ ವರ್ಷ ಆತಂತಿ, ಒಬ್ಬಾಕೀನೂ ಕಸಾ ಹೊಡದಿಲ್ಲೇನು?" ಎಂದರು. ಹೊರಗಿನ ಒಣ ಬೊಡ್ಡೆಗಳನ್ನು ಕಂಡು ಮತ್ತೂ ನಕ್ಕರು. ಅವರ ತಂದೆ ಸೊಲ್ಲಾಪುರದ ಜುನಿ ಗಿರಣಿಯಲ್ಲಿದ್ದವರು. 1877ರಲ್ಲಿ ಶುರುವಾದ ಗಿರಣಿ ಅದು. ಭೋಂಗಾ ನಿಂತ ಗಿರಣಿಯ ಗೋಡೆಯೊಳಗೆ ಅರಳಿ ಗಿಡ ಬೇರಿಳಿಸಲು ಎಷ್ಟು ದಿನ ಬೇಕು ಎಂದು ಕಂಡ ಮನುಷ್ಯ, ಇನ್ನೂರು ವರ್ಷದ ಬೋಳು ನೆಲವನ್ನು ಹೇಗೆ ನಂಬಬೇಕು?

ಈ ಸರಣಿಯಲ್ಲಿ ಭಾರ ಹೊರುವ ಎರಡು ತಲೆಯ ದನವೊಂದಿದೆ. ಅದರ ಹೆಸರು ಬ್ರಾಹ್ಮಿನ್. 2008ರ ಅಕ್ಟೋಬರಿನಲ್ಲಿ ಫಾಲ್‌ಔಟ್ 3 ಬರುವ ಹೊತ್ತಿಗೆ ಮೈಕ್ರೋಸಾಫ್ಟ್ ಅದರ ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಸಾಂಸ್ಕೃತಿಕ ಸೂಕ್ಷ್ಮತೆ ಎಂದಷ್ಟೇ ಹೇಳಿತು. ಆಡುವವರೆಲ್ಲ ಆ ದನದ ಕಡೆ ಬೆರಳು ತೋರಿಸಿದರು. ಅಮೆರಿಕದಲ್ಲಿ ಬ್ರಾಹ್ಮನ್ ಎಂಬ ದನದ ತಳಿಯೇ ಇದೆ, ನಮ್ಮ ದೇಶದಿಂದ ಹೋದ ದನಗಳಿಂದ ಬೆಳೆಸಿದ್ದು. ಖಿಲಾರಿ ಎತ್ತು ಬಿಟ್ಟು ಬೇರೆ ಯಾವುದನ್ನೂ ದನವೆಂದು ಒಪ್ಪದ ಕಾಕಾ ಮಾತ್ರ, "ಎರಡ ಬಾಯಿಗೆ ಮೇವು ಯಾರ ಹಾಕಬೇಕು" ಎಂದು ಆ ವಾದವನ್ನೇ ಮುಗಿಸಿದರು.

2018ರ ಫಾಲ್‌ಔಟ್ 76 ನಮ್ಮಲ್ಲಿ ಯಾರೂ ಹೆಚ್ಚು ಆಡಿಲ್ಲ. ಬಂದಾಗ ಅದರೊಳಗೆ ಮಾತಾಡಿಸಲು ಒಬ್ಬ ಮನುಷ್ಯನಿರಲಿಲ್ಲ, ಬಿಟ್ಟುಹೋದ ಚೀಟಿ, ಟೇಪು, ರೋಬೋಟುಗಳಷ್ಟೇ. ಆಡುವವರು ಬಾಯಿಗೆ ಬಂದಂತೆ ಬೈದರು. ಕಡೆಗೆ ಮನುಷ್ಯರನ್ನು ತಂದು ಇಟ್ಟದ್ದು 2020ರ ಏಪ್ರಿಲಿನಲ್ಲಿ. ಆಗ ಲಾಕ್‌ಡೌನು, ಎಂಐಡಿಸಿಯ ರಸ್ತೆಯಲ್ಲಿ ನಾಯಿ ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ.

ಈ ಎಲ್ಲ ಪಂಥದವರೂ ಒಪ್ಪುವುದು ಒಂದೇ, ನೀರು. 1997ರ ಮೊದಲ ಆಟ ಶುರುವಾಗುವುದೇ ಅಡಗುದಾಣದ ನೀರಿನ ಯಂತ್ರ ಕೆಟ್ಟು. 150 ದಿನದೊಳಗೆ ಬಿಡಿಭಾಗ ತರಬೇಕು. ಮೂರನೆಯದರಲ್ಲಿ ನದಿಯ ವಿಷ ತೆಗೆಯುವುದೇ ಕತೆ. ನಾಲ್ಕನೆಯದರಲ್ಲಿ ಬೇಗ ಶ್ರೀಮಂತರಾಗುವ ಹಾದಿ, ನದಿಯೊಳಗೆ ಶುದ್ಧೀಕರಣದ ಯಂತ್ರ ನಿಲ್ಲಿಸಿ ನೀರು ಮಾರುವುದು. ಟ್ಯಾಂಕರ್ ದಂಧೆ ಎಂದರೆ ನಮ್ಮವರಿಗೆ ತಟ್ಟನೆ ತಿಳಿಯುತ್ತದೆ. ಸಿದ್ಧರಾಮ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ್ದು ಹನ್ನೆರಡನೆಯ ಶತಮಾನದಲ್ಲಿ. ಅದೇ ಸೊಲ್ಲಾಪುರ ಉಜನಿ ಅಣೆಕಟ್ಟಿನ ನೀರಿಗೆ ನಾಲ್ಕೈದು ದಿನ ಕೊಡ ಸಾಲು ಹಚ್ಚಿ ಕಾದದ್ದೂ ಉಂಟು.

ಹೋದ ಬೇಸಿಗೆಯಲ್ಲಿ ನಮ್ಮಪ್ಪ ಊರಿಂದ ಬಂದಿದ್ದ. ಹೊಲದಲ್ಲಿ ಮೂರು ಬೋರು ಹೊಡೆಸಿ ಮೂರರಲ್ಲೂ ಬರೇ ಧೂಳು ಕಂಡವನು. ಬುತ್ತಿ ಬಿಚ್ಚಿ, ಕಡಕ್ ರೊಟ್ಟಿ ಮುರಿಯುತ್ತ ಪರದೆ ನೋಡುತ್ತಿದ್ದ. ನಾನು ಆಗ ವಸ್ತಿಯೊಂದರಲ್ಲಿ ಕೈಪಂಪು ನಿಲ್ಲಿಸುತ್ತಿದ್ದೆ. ನಾಲ್ಕನೆಯ ಆಟದಲ್ಲಿ ಮಣ್ಣಿದ್ದಲ್ಲಿ ಎಲ್ಲಿ ಬೇಕಾದರೂ ಪಂಪು ಊರಬಹುದು, ಊರಿದ ಕೂಡಲೇ ನೀರು.

"ಎಷ್ಟ ಫೂಟಿಗೆ ಬಿತ್ತೋ?" ಎಂದ.

"ಫೂಟ್ ಇಲ್ಲಪಾ ಇದಕ್ಕ. ಒತ್ತಿದ್ರ ಆತು."

ಅಪ್ಪ ರೊಟ್ಟಿ ಕೆಳಗಿಟ್ಟ. ಪರದೆಯ ಸಮೀಪ ಸರಿದು ಪಂಪಿನ ಬುಡದ ಮಣ್ಣನ್ನೇ ಸ್ವಲ್ಪ ಹೊತ್ತು ನೋಡಿದ.

"ಹಂಗಾದ್ರ ಆ ಮೂಲ್ಯಾಗ ಇನ್ನೊಂದ ಹೊಡಿ."